ಬಿಳಿ ಎಳೆ ಹರಿದಾಗ

ವಾಗದರಿಯಲ್ಲಿ ಯಾರದಾದರೂ ಬುದ್ಧಿ ಹದ ತಪ್ಪಿದರೆ ಊರವರ ಬಾಯಲ್ಲಿ ಎರಡು ಊರಿನ ಹೆಸರು ಬರುತ್ತದೆ. ಕನ್ನಡದಲ್ಲಿ ಮಾತಾಡುತ್ತಿದ್ದರೆ "ಇವನ್ನ ಧಾರವಾಡಕ್ಕ ಕಳಸ್ರಿ" ಅನ್ನುತ್ತಾರೆ. ಅದೇ ಮಂದಿ ಅದೇ ಕಟ್ಟೆಯ ಮೇಲೆ ಮರಾಠಿಗೆ ಹೊರಳಿದರೆ ಧಾರವಾಡ ಹೋಗಿ ಯೆರವಡಾ ಆಗುತ್ತದೆ. ಎರಡೂ ಕಡೆ ಮುಂಬಯಿ ಪ್ರಾಂತದ ಕಾಲದ ಹುಚ್ಚರ ಆಸ್ಪತ್ರೆಗಳಿದ್ದವು. ವಾಗದರಿಯಿರುವ ಅಕ್ಕಲಕೋಟ ತಾಲ್ಲೂಕನ್ನು ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಕೊಡಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿಯಿತು. ಹೀಗಾಗಿ ನಮ್ಮ ಗಡಿಯವರ ಬೈಗುಳಕ್ಕೂ ಎರಡು ರಾಜ್ಯ.

ನಾನು ಹೇಳಹೊರಟಿರುವವನನ್ನು ಮಾತ್ರ ಯಾರೂ ಈ ಎರಡು ಊರಿಗೂ ಕಳಿಸಲಿಲ್ಲ. ಅವನು ಹುಚ್ಚನೆಂದು ಯಾರಿಗೂ ಅನಿಸಿರಲಿಲ್ಲ. ಅಕ್ಕಲಕೋಟದಿಂದ ಸಂಜೆ ಗಾಡಿಯ ಮೇಲೆ ಬರುವಾಗ ರಸ್ತೆಯ ಖಡಿಯ ಮೇಲೆ ಜಾರಿ ಬಿದ್ದ. ತಲೆಗೆ ಪೆಟ್ಟಾಯಿತು. ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ಮೂರು ವಾರ ಇದ್ದು, ಹೊಲಿಗೆ ಬಿಚ್ಚಿಸಿಕೊಂಡು, ತನ್ನ ಕಾಲ ಮೇಲೆ ತಾನೇ ನಡೆದು ಬಂದ. ಊರಲ್ಲಿ ತೆಂಗಿನಕಾಯಿ ಒಡೆದರು. ಆರು ತಿಂಗಳಾದ ಮೇಲೆ ಅವನ ಹೆಂಡತಿ ಒಲೆಯ ಮುಂದೆ ಕೂತು ನನಗೆ ಹೇಳಿದಳು: "ಅಣ್ಣಾ, ಮನಿಗಿ ಬಂದಾಂವ ಅಂವ ಅಲ್ರಿ. ಅವನಂಗ ಕಾಣತಾನ, ಅಷ್ಟೆ." ಆಗ ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದಿತ್ತು. ಪಕ್ಕದಲ್ಲೇ ಕೂತಿದ್ದ ಗಂಡ ಅಲುಗಲಿಲ್ಲ. ಅವನ ಮೂಗಿಗೆ ವಾಸನೆಯೇ ಹತ್ತುತ್ತಿರಲಿಲ್ಲ. ಮೊದಲು ಸಿಟ್ಟೇ ಗೊತ್ತಿಲ್ಲದವನು ಈಗ ಮಗ ಪುಸ್ತಕ ಕೆಳಗೆ ಬೀಳಿಸಿದರೂ ಕೈ ಎತ್ತುತ್ತಿದ್ದ. ಮರುಗಳಿಗೆ ಗೋಡೆ ನೋಡುತ್ತ ಕೂತುಬಿಡುತ್ತಿದ್ದ, ಗಂಟೆಗಟ್ಟಲೆ.

ಅವಳು ಹೇಳಿದ ಮಾತಿಗೆ ಒಂದು ದೊಡ್ಡ ಚರಿತ್ರೆಯಿದೆ. ಅದು ಹಾದುಬಂದ ದಾರಿಯಲ್ಲಿ ನಮ್ಮ ಬೆಂಗಳೂರೂ ಇದೆ.

1848ರ ಸೆಪ್ಟೆಂಬರ್ 13. ಅಮೆರಿಕದ ವರ್ಮಾಂಟ್ ಸೀಮೆಯ ಕ್ಯಾವೆಂಡಿಶ್ ಎಂಬ ಊರಿನ ಹತ್ತಿರ ರೈಲು ಹಳಿ ಹಾಸಲು ಬಂಡೆ ಒಡೆಯುತ್ತಿದ್ದರು. ಫಿನಿಯಸ್ ಗೇಜ್ ಎಂಬ 25 ವರ್ಷದ ಮೇಸ್ತ್ರಿ ಕುಳಿಯಲ್ಲಿ ಮದ್ದು ಜಡಿಯುತ್ತಿದ್ದಾಗ ಕಿಡಿ ಹಾರಿತು. ಅವನ ಕೈಯಲ್ಲಿದ್ದ ಸುಮಾರು ಮೂರೂವರೆ ಅಡಿ ಉದ್ದದ, ಆರು ಕಿಲೋ ತೂಕದ ಕಬ್ಬಿಣದ ಸಲಾಕೆ ಎಡಗೆನ್ನೆಯಲ್ಲಿ ಹೊಕ್ಕು ನೆತ್ತಿಯಲ್ಲಿ ಹೊರಟು ಎಷ್ಟೋ ದೂರ ಹೋಗಿ ಬಿತ್ತು. ಅವನು ಸಾಯಲಿಲ್ಲ. ಸ್ವಲ್ಪ ಹೊತ್ತಿಗೇ ಮಾತಾಡಿದ, ಎತ್ತಿನ ಗಾಡಿಯಲ್ಲಿ ಎದ್ದು ಕೂತು ಊರಿಗೆ ಬಂದ. ಜಾನ್ ಹಾರ್ಲೋ ಎಂಬ ಊರಿನ ವೈದ್ಯ ಅವನನ್ನು ಉಳಿಸಿಕೊಂಡ. ಆದರೆ ಮೊದಲು ನಯವಾಗಿ, ಲೆಕ್ಕವಾಗಿ ಇದ್ದವನು ಈಗ ಹಟಮಾರಿ, ಹೊಲಸು ಬಾಯಿಯವನು, ಒಂದು ಯೋಜನೆ ಹಿಡಿದು ಮರುಗಳಿಗೆ ಬಿಡುವವನು ಎಂದು ಹಾರ್ಲೋ 1868ರಲ್ಲಿ ಬರೆದ. ಇವನು ನಮ್ಮ ಗೇಜ್ ಅಲ್ಲ ಎಂದು ಅವನ ಗೆಳೆಯರು ಅಂದರಂತೆ. ವಾಗದರಿಯ ಒಲೆಯ ಮುಂದೆ ನಾನು ಕೇಳಿದ್ದೂ ಅದನ್ನೇ.

ಗೇಜನ ಕಥೆಯ ಬಗ್ಗೆ ತಕರಾರಿದೆ. ಪಠ್ಯಪುಸ್ತಕಗಳು ಅವನನ್ನು ಬಾಳೆಲ್ಲ ಕೆಟ್ಟುಹೋದವನನ್ನಾಗಿ ಮಾಡಿದವು. ಮಾಲ್ಕಮ್ ಮ್ಯಾಕ್‌ಮಿಲನ್ ಎಂಬ ಸಂಶೋಧಕ ದಾಖಲೆಗಳನ್ನು ಜಾಲಾಡಿ, ಅವನು ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಹೊಡೆದದ್ದನ್ನು ಎತ್ತಿ ತೋರಿಸಿದರು. ಕುದುರೆಗಳ ಲಗಾಮು, ಪ್ರಯಾಣಿಕರ ಗಲಾಟೆ, ಹೊತ್ತಿಗೆ ಸರಿಯಾಗಿ ಹೊರಡುವುದು ಇವೆಲ್ಲ ಪೂರ್ತಿ ಕೆಟ್ಟ ತಲೆಯವನ ಕೈಲಾಗುವ ಕೆಲಸವಲ್ಲ. ಕಾಲ ಕಳೆದ ಹಾಗೆ ಅವನು ಬಹಳಷ್ಟು ಸುಧಾರಿಸಿದ್ದ ಎಂಬುದು ಅವರ ವಾದ. ನನಗೂ ಅದೇ ಸರಿ ಎನಿಸುತ್ತದೆ. ಗೇಜ್ ಮೂರ್ಛೆರೋಗ ಹತ್ತಿ 1860ರಲ್ಲಿ ತೀರಿಕೊಂಡ. ತಲೆಬುರುಡೆ, ಸಲಾಕೆ ಎರಡೂ ಹಾರ್ವರ್ಡಿನ ವಸ್ತುಸಂಗ್ರಹದಲ್ಲಿವೆ. ಸುಧಾರಿಸಿದ್ದು ಎಷ್ಟೇ ಇರಲಿ, ಹಣೆಯ ಹಿಂದಿನ ಮಿದುಳಿಗೆ ಪೆಟ್ಟಾದರೆ ಕೈಕಾಲು ನೆಟ್ಟಗಿದ್ದೂ ಸ್ವಭಾವ ಮುರಿಯಬಹುದು ಎಂಬುದು ವೈದ್ಯರ ತಲೆಯಲ್ಲಿ ಕೂತದ್ದು ಅಲ್ಲಿಂದ ಮುಂದೆ.

ಮೊದಲ ಮಹಾಯುದ್ಧದಲ್ಲಿ, ಪೆಟ್ಟಾದದ್ದು ಮಿದುಳಿಗೋ ಮನಸ್ಸಿಗೋ ಎಂಬ ಪ್ರಶ್ನೆ ಸಾವಿರಗಟ್ಟಲೆ ಸೈನಿಕರ ಮೈಮೇಲೆ ಬಂತು. ಶೆಲ್ ಸಿಡಿದ ಜಾಗದಿಂದ ಗಾಯವಿಲ್ಲದೆ ಬಂದವರು ನಡುಗುತ್ತಿದ್ದರು, ಮೂಕರಾಗುತ್ತಿದ್ದರು, ರಾತ್ರಿ ಚೀರುತ್ತಿದ್ದರು. ಸ್ಫೋಟದ ಒತ್ತಡಕ್ಕೆ ಮಿದುಳು ಅದುರಿದ್ದೇ ಕಾರಣ ಎಂದು ಕೆಲವರು, ಹೆದರಿಕೆಯಿಂದ ಮನಸ್ಸು ಮುರಿದದ್ದು ಎಂದು ಕೆಲವರು. ಮಿದುಳೋ ಮನಸ್ಸೋ ಎಂಬ ಆ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ.

ಈ ಕಥೆಯ ನಡುಗಂಬ 1935. ಆ ಒಂದೇ ವರ್ಷ ಎರಡು ದಾರಿ ಕವಲೊಡೆದವು.

ಮೇ ತಿಂಗಳಲ್ಲಿ, ಅರಬರ ನಡುವೆ ಯುದ್ಧ ಮಾಡಿ ಹೆಸರಾಗಿದ್ದ ಟಿ.ಇ. ಲಾರೆನ್ಸ್ ಇಂಗ್ಲೆಂಡಿನ ಹಳ್ಳಿರಸ್ತೆಯಲ್ಲಿ ಮೋಟಾರ್‌ಸೈಕಲ್ ಓಡಿಸುತ್ತ, ಎದುರಿಗೆ ಸೈಕಲ್ ಹುಡುಗರು ಬಂದಾಗ ಪಕ್ಕಕ್ಕೆ ಎಳೆದು ಬಿದ್ದ. ಆರು ದಿನ ಪ್ರಜ್ಞೆಯಿಲ್ಲದೆ ಇದ್ದು 46ನೆಯ ವಯಸ್ಸಿಗೆ ಸತ್ತ. ನೋಡಲು ಕರೆಸಿದ್ದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಜ್ಞನಿದ್ದ. ಆ ಸಾವು ಅವನನ್ನು ಕಾಡಿರಬೇಕು. ಯುದ್ಧದ ಹೊತ್ತಿನಲ್ಲಿ ಸೇನೆಯ ಸುದ್ದಿ ಒಯ್ಯುವ ಬೈಕ್ ಸವಾರರ ತಲೆಗಾಯಗಳನ್ನು ಲೆಕ್ಕ ಹಾಕಿ 1941ರಲ್ಲಿ ಲೇಖನ ಬರೆದ. ಹೆಲ್ಮೆಟ್ ಹಾಕಿಕೊಂಡು ಬಿದ್ದವರ ಪ್ರಕರಣ ಅವನಿಗೆ ಸಿಕ್ಕದ್ದು ಏಳೇ ಏಳು. ಏಳರಲ್ಲಿ ಒಬ್ಬನೂ ಸತ್ತಿರಲಿಲ್ಲ. ಅದೇ ವರ್ಷ ಬ್ರಿಟಿಷ್ ಸೇನೆ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಜನಸಾಮಾನ್ಯರಿಗೆ ಅದು ಕಾನೂನಾಗಲು ಬ್ರಿಟನ್ನಿನಲ್ಲೇ 1973 ಆಯಿತು.

ಅದೇ 1935ರ ನವೆಂಬರ್ 12ರಂದು ಲಿಸ್ಬನ್ನಿನಲ್ಲಿ ಇನ್ನೊಂದು ದಾರಿ ತೆರೆಯಿತು. ಎಗಾಸ್ ಮೊನಿಜ್ ಎಂಬ ವೈದ್ಯ ಮನೋರೋಗಿಯ ಬುರುಡೆಗೆ ತೂತು ಕೊರೆಸಿ ಹಣೆಯ ಹಿಂದಿನ ಮಿದುಳಿನ ಬಿಳಿ ನರದ ಎಳೆಗಳನ್ನು ನಾಶಮಾಡಿಸಿದ. ಮಾಡಿಸಿದ ಎನ್ನಬೇಕು. ಅವನ ಕೈಗಳು ಸಂಧಿವಾತದಿಂದ ಸೊಟ್ಟಾಗಿದ್ದವು, ಶಸ್ತ್ರ ಹಿಡಿದದ್ದು ಅಲ್ಮೇಡಾ ಲಿಮಾ. ಮೊದಮೊದಲು ಆಲ್ಕೊಹಾಲ್ ಚುಚ್ಚಿದರು. ಆಮೇಲೆ ತುದಿಯಲ್ಲಿ ತಂತಿಯ ಕುಣಿಕೆಯಿದ್ದ ಸಣ್ಣ ಕೊಳವೆಯನ್ನು ಒಳಗಿಳಿಸಿ ಗರಗರ ತಿರುಗಿಸಿ, ಬದನೆಕಾಯಿಯ ತಿರುಳು ತೆಗೆದಂತೆ, ಎಳೆಗಳ ಗುಂಡನೆಯ ತುಂಡನ್ನು ಕಡಿದರು. ಗೇಜನ ಸಲಾಕೆ ಅಡ್ಡಾದಿಡ್ಡಿ ಮಾಡಿದ್ದನ್ನು ಇದು ಅಳತೆ ಹಿಡಿದು ಮಾಡಿತು. ಕಾಡುವ ಯೋಚನೆಗಳು ಆ ಎಳೆಗಳಲ್ಲೇ ಸುತ್ತುತ್ತಿವೆ, ಎಳೆ ಹರಿದರೆ ಸುತ್ತು ನಿಲ್ಲುತ್ತದೆ ಎಂಬುದು ಮೊನಿಜನ ಊಹೆ. ರೋಗಿಗಳು ಶಾಂತರಾದರು, ನಿಜ. ಎಷ್ಟೋ ಜನ ಆ ಶಾಂತಿಯಿಂದ ಮತ್ತೆ ಈಚೆ ಬರಲೇ ಇಲ್ಲ. 1949ರಲ್ಲಿ ಅವನಿಗೆ ನೊಬೆಲ್ ಸಿಕ್ಕಿತು. ಅದನ್ನು ಹಿಂದೆಗೆದುಕೊಳ್ಳಿ ಎಂದು ಶಸ್ತ್ರಕ್ರಿಯೆಗೆ ಒಳಗಾದವರ ಮನೆಯವರು ಮುಂದೆ ಕೇಳಿದ್ದೂ ಉಂಟು.

ಆ ದಾರಿ ಬೆಂಗಳೂರಿಗೂ ಬಂತು.

ಬೆಂಗಳೂರಿನ ಹುಚ್ಚರ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದ ನಡುವಿನದು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರಾಯಿತು. ಫ್ರಾಂಕ್ ನೊರೊನ್ಹಾ ಅಧೀಕ್ಷಕರಾಗಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ಒಳ್ಳೆಯ ದಿನಗಳಲ್ಲಿ, ಹೊಸೂರು ರಸ್ತೆಯ ಕಡೆ ಹೊಸ ಕಟ್ಟಡಗಳೆದ್ದವು. ಅವರ ನಂತರ ಬಂದವರು ಎಂ.ವಿ. ಗೋವಿಂದಸ್ವಾಮಿ. ವಿದೇಶದಲ್ಲಿ ಕಲಿತು ಬಂದವರು, ಭಾರತೀಯ ತತ್ತ್ವಶಾಸ್ತ್ರದಲ್ಲೂ ಮನಸ್ಸಿದ್ದವರು. ಜಗತ್ತಿನಲ್ಲಿ ಹೊಸದೇನು ಬಂದರೂ ತಮ್ಮ ಆಸ್ಪತ್ರೆಗೆ ಅದು ಬೇಗ ಬರಬೇಕೆಂಬ ಹಂಬಲ ಅವರದು. ಗೋವಿಂದಸ್ವಾಮಿ ಮತ್ತು ಶಸ್ತ್ರವೈದ್ಯ ಬಿ.ಎನ್. ಬಾಲಕೃಷ್ಣ ರಾವ್ ಸೇರಿ ಭಾರತೀಯ ರೋಗಿಗಳ ಮೇಲೆ ಈ ಶಸ್ತ್ರಕ್ರಿಯೆ ಮಾಡಿದ ವಿವರ 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಹೊರಗೆ ಮಹಾಯುದ್ಧ ನಡೆದಿತ್ತು. ಬೆಂಗಳೂರಿನ ಒಂದು ಕೋಣೆಯಲ್ಲಿ ಬುರುಡೆಯ ಎರಡೂ ಬದಿಗೆ ತೂತು ಕೊರೆದು ಬಿಳಿ ಎಳೆಗಳನ್ನು ಕಡಿಯುತ್ತಿದ್ದರು.

ಇದನ್ನು ಇವತ್ತು ಓದಿದರೆ ಮೈ ಜುಮ್ಮೆನ್ನುತ್ತದೆ. ಕ್ರೌರ್ಯ ಎಂದು ಒಂದೇ ಮಾತಿನಲ್ಲಿ ಮುಗಿಸುವವರೂ ಇದ್ದಾರೆ. ಆ ಕಾಲದಲ್ಲಿ ಬೇರೆ ಏನಿತ್ತು ಎಂದು ಕೇಳುವ ಇತಿಹಾಸಕಾರರೂ ಇದ್ದಾರೆ. ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಮದ್ದು ಚುಚ್ಚಿ ಸೆಳವು ಬರಿಸುವುದು, 1938ರ ನಂತರ ಕರೆಂಟಿನ ಚಿಕಿತ್ಸೆ: ಇದ್ದದ್ದು ಇಷ್ಟೇ. ಅದೂ ಸಾಲದಾದಾಗ ಸರಳಿನ ಕಿಟಕಿ. ತಲೆಗೆ ತಲೆ ತಾಗುವಷ್ಟು ರೋಗಿಗಳು ತುಂಬಿದ ಆಸ್ಪತ್ರೆಯಲ್ಲಿ, ವರ್ಷಗಟ್ಟಲೆ ಚೀರಿದವನೊಬ್ಬ ಸುಮ್ಮನಾಗಿ ಊಟ ಮಾಡಿದ್ದನ್ನು ಕಂಡ ವೈದ್ಯನಿಗೆ ಏನನಿಸಿತ್ತೆಂದು ತಿಳಿಯದೆ ಇವತ್ತು ಕೂತು ತೀರ್ಪು ಕೊಡುವುದು ಸುಲಭ. ಗೋವಿಂದಸ್ವಾಮಿಯವರನ್ನು ಖಳನಾಯಕ ಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಆ ಮೇಜಿನ ಮೇಲೆ ಮಲಗಿದವರು ಒಪ್ಪಿ ಮಲಗಿದರೇ ಎಂಬ ಪ್ರಶ್ನೆಯನ್ನು ಬಿಡಲೂ ಆಗುವುದಿಲ್ಲ. ತಲೆಯನ್ನು ಕಾಯಲು ಹೊರಟ ಕೇರ್ನ್ಸ್ ಕೂಡ ಮುಂದೆ ಆಕ್ಸ್‌ಫರ್ಡಿನಲ್ಲಿ ಮನೋರೋಗಕ್ಕೆಂದು ಮಿದುಳು ಕಡಿದವನೇ. ಆ ಕಾಲದಲ್ಲಿ ಎರಡೂ ಕೆಲಸ ಒಂದೇ ಕೈಯಿಂದ ಆಗುತ್ತಿದ್ದವು.

ಕತ್ತಿ ಕೆಳಗಿಳಿದದ್ದು ಹೊಸ ಮಾತ್ರೆಯಿಂದ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಔಷಧ ಮನೋರೋಗಿಗಳ ಮೇಲೆ ಕೆಲಸ ಮಾಡಿತು. ಕೆಲವೇ ವರ್ಷಗಳಲ್ಲಿ ಲೋಕವೆಲ್ಲ ಹರಡಿತು, ಬುರುಡೆ ಕೊರೆಯುವ ಕೆಲಸ ಹಿಂದೆ ಸರಿಯಿತು. ಅದರ ನೆರಳು ಇವತ್ತಿಗೂ ನಮ್ಮ ಕಾನೂನಿನಲ್ಲಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮನೋರೋಗಕ್ಕೆ ಮಿದುಳಿನ ಶಸ್ತ್ರಕ್ರಿಯೆ ಮಾಡಬೇಕಾದರೆ ರೋಗಿ ತಿಳಿದು ಒಪ್ಪಬೇಕು, ಕಾಯ್ದೆಯಡಿ ರಚಿಸಿದ ಮಂಡಳಿಯೂ ಒಪ್ಪಿಗೆ ಕೊಡಬೇಕು.

ಈಗ ಬಿಳಿ ಎಳೆಗಳ ವಿಷಯ. 1956ರಲ್ಲಿ ಸಬೀನಾ ಸ್ಟ್ರಿಚ್ ಎಂಬ ವೈದ್ಯೆ ಒಂದು ಅಧ್ಯಯನ ಪ್ರಕಟಿಸಿದಳು. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು, ಬದುಕುಳಿದು, ಆದರೆ ಬುದ್ಧಿ ಪೂರ್ತಿ ಮಂಕಾಗಿ ಹೋದವರ ಮಿದುಳುಗಳನ್ನು ಸತ್ತ ಮೇಲೆ ಅವಳು ತೆಳ್ಳಗೆ ಸೀಳಿ ನೋಡಿದ್ದಳು. ಹೊರಗಿನಿಂದ ಹೇಳಿಕೊಳ್ಳುವಂಥ ಗಾಯವಿರಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಒಳಗಿನ ಬಿಳಿ ಭಾಗ ಹಾಳಾಗಿತ್ತು, ನರದ ಎಳೆಗಳು ಅಲ್ಲಲ್ಲಿ ಹರಿದಿದ್ದವು.

ಸೊಲ್ಲಾಪುರದ ಕಡೆಯವನಿಗೆ ಇದು ಬೇಗ ಅರ್ಥವಾಗುತ್ತದೆ. ಮಗ್ಗದ ಮೇಲಿನ ಚಾದರ ನೋಡಲು ಸರಿಯಾಗೇ ಇರುತ್ತದೆ, ಹಾಸಿನ ನೂಲು ಹತ್ತು ಕಡೆ ಕಡಿದಿದ್ದರೆ ನೇಯ್ಗೆ ಮುಂದೆ ಹೋದಂತೆ ಚಿತ್ತಾರ ಎಲ್ಲೆಲ್ಲೋ ತಪ್ಪುತ್ತದೆ. ಮಿದುಳು ಮೆತ್ತನೆಯ ವಸ್ತು. ಓಡುವ ಗಾಡಿ ತಟ್ಟನೆ ನಿಂತರೂ ಬುರುಡೆಯೊಳಗಿನ ಮಿದುಳು ನಿಲ್ಲುವುದಿಲ್ಲ, ಮುಂದಕ್ಕೆ ಹೊಯ್ದಾಡಿ ತಿರುಚಿಕೊಳ್ಳುತ್ತದೆ. ಹಣೆಯ ಹಿಂದೆ, ಕಿವಿಯ ಮೇಲೆ ಬುರುಡೆಯ ಒಳಮೈ ಉಬ್ಬುತಗ್ಗು, ಅಲ್ಲಿ ಉಜ್ಜುತ್ತದೆ. ವಾಸನೆಯ ನರದ ಎಳೆಗಳು ಮೂಗಿನ ಮೇಲಿನ ಎಲುಬಿನ ಸಣ್ಣ ತೂತುಗಳಲ್ಲಿ ಹಾದುಹೋಗುವುದರಿಂದ ಅಲ್ಲೇ ಕತ್ತರಿಸಿಹೋಗಬಹುದು. ರೊಟ್ಟಿ ಕರಕಾದರೂ ವಾಗದರಿಯವನಿಗೆ ತಿಳಿಯದೆ ಹೋದದ್ದು ಹೀಗೆ. ಸಿಟ್ಟಿಗೆ ತಡೆ ಹಾಕುವುದು, ಕೆಲಸಕ್ಕೆ ಎದ್ದು ನಿಲ್ಲಿಸುವುದು ಹಣೆಯ ಹಿಂದಿನ ಭಾಗ. ಮೊನಿಜನೂ ಬೆಂಗಳೂರಿನ ವೈದ್ಯರೂ ಮುಟ್ಟಲು ಹೊರಟಿದ್ದು ಅದೇ ಜಾಗವನ್ನು. ಅವರು ಬೇಕೆಂದು ಕಡಿದ ಎಳೆಯನ್ನೇ ಅಕ್ಕಲಕೋಟದ ರಸ್ತೆ ಕೇಳದೆ ಕಡಿಯಿತು.

ಬೆಂಗಳೂರಿನ ಆಸ್ಪತ್ರೆಯ ಮುಂದಿನ ಚರಿತ್ರೆ ಇನ್ನೊಂದು ತಿರುವು. ಅದರ ಆವರಣದಲ್ಲೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, ಗೋವಿಂದಸ್ವಾಮಿಯವರೇ ಮೊದಲ ನಿರ್ದೇಶಕರು. ಆಗ ದೇಶದಲ್ಲಿ ನರಶಸ್ತ್ರಚಿಕಿತ್ಸೆ ಕಣ್ಣು ಬಿಡುತ್ತಿದ್ದ ಕೂಸು. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ, ಬಿ. ರಾಮಮೂರ್ತಿ ಮರುವರ್ಷ ಮದ್ರಾಸಿನಲ್ಲಿ ವಿಭಾಗ ತೆರೆದಿದ್ದರು. 1958ರಲ್ಲಿ ಆರ್.ಎಂ. ವರ್ಮ ಬೆಂಗಳೂರಿಗೆ ಬಂದರು. ಮನೋರೋಗಿಗಳ ಆಸ್ಪತ್ರೆಯ ಪಕ್ಕದಲ್ಲೇ ಮಿದುಳಿನ ಶಸ್ತ್ರವೈದ್ಯ ಕೂತ. 1974ರ ಡಿಸೆಂಬರ್ 27ರಂದು ರಾಜ್ಯದ ಮಾನಸಿಕ ಆಸ್ಪತ್ರೆಯೂ ಕೇಂದ್ರದ ಸಂಸ್ಥೆಯೂ ಒಂದಾಗಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಆಯಿತು. ಆ ಉದ್ದನೆಯ ಹೆಸರಿನಲ್ಲಿ ನನಗೆ ಹಿಡಿಸುವುದು ಒಂದು ಸಣ್ಣ ಪದ: ಮಾನಸಿಕ ಆರೋಗ್ಯ 'ಮತ್ತು' ನರವಿಜ್ಞಾನ. ಮೊದಲ ಮಹಾಯುದ್ಧದಿಂದ ನಡೆದುಬಂದ ಜಗಳವನ್ನು ಆ 'ಮತ್ತು' ಕನಿಷ್ಠ ಫಲಕದ ಮೇಲಾದರೂ ರಾಜಿ ಮಾಡಿಸಿತು.

ಅದೇ ವರ್ಷ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಪೆಟ್ಟು ಬಿದ್ದವನ ಪ್ರಜ್ಞೆ ಅಳೆಯುವ ಮಾಪನ ಕೊಟ್ಟರು. ಕಣ್ಣು ತೆರೆಯುತ್ತಾನೆಯೇ, ಮಾತಾಡುತ್ತಾನೆಯೇ, ಕೈಕಾಲು ಆಡಿಸುತ್ತಾನೆಯೇ ಎಂದು ನೋಡಿ ಅಂಕ ಹಾಕುವುದು. ಕಡಿಮೆಯೆಂದರೆ 3, ಪೂರ್ತಿ ಎಚ್ಚರವಿದ್ದರೆ 15. ಇವತ್ತು ತುರ್ತು ವಿಭಾಗದಲ್ಲಿ ಮೊದಲು ಬರೆಯುವುದು ಅದನ್ನೇ. ವಾಗದರಿಯವನ ಡಿಸ್ಚಾರ್ಜ್ ಕಾಗದದಲ್ಲೂ 15 ಎಂದಿತ್ತು. ಆ ಲೆಕ್ಕದಲ್ಲಿ ಅವನು ಪೂರ್ತಿ ಹುಷಾರು. ಸ್ವಭಾವಕ್ಕೆ ಅಂಕ ಹಾಕುವ ಕಲಂ ಅದರಲ್ಲಿಲ್ಲ. ಅದನ್ನು ಅಳೆಯುವ ಕೆಲಸ ನರಮನೋವಿಜ್ಞಾನಿಗಳಿಗೆ ಬಂತು. ನಿಮ್ಹಾನ್ಸಿನಲ್ಲಿ ಶೋಭಿನಿ ರಾವ್ ಮತ್ತು ಸಂಗಡಿಗರು ನಮ್ಮ ಜನಕ್ಕೆ ಹೊಂದುವ ನೆನಪು, ಗಮನ, ಯೋಜನೆಗಳ ಪರೀಕ್ಷೆಗಳನ್ನು ಸಿದ್ಧಮಾಡಿ 2004ರಲ್ಲಿ ಕೈಪಿಡಿ ತಂದರು. ಪೆಟ್ಟು ತಿಂದ ಮಿದುಳಿಗೆ ಮತ್ತೆ ಪಾಠ ಹೇಳಿಕೊಡುವ ಕೆಲಸವೂ ಅಲ್ಲಿ ಬೆಳೆಯಿತು. ಕಾಳುಗಳನ್ನು ಬೇರೆ ಮಾಡುವುದು, ಅಕ್ಷರಗಳಲ್ಲಿ ಒಂದನ್ನು ಹುಡುಕಿ ಅಡ್ಡಗೆರೆ ಎಳೆಯುವುದು, ಇಂಥವು. ಅಕ್ಕಿಯಲ್ಲಿ ಕಲ್ಲು ಆರಿಸುವ ಹೆಂಗಸರಿಗೆ ನಗು ಬರಬಹುದು. ಅಷ್ಟನ್ನು ಮಾಡಿ ಮುಗಿಸಲಾಗದೆ ಅಳುವ ಗಂಡಸರನ್ನು ನೋಡಿದವರು ನಗುವುದಿಲ್ಲ.

ಎಷ್ಟು ಜನರ ಮಾತಿದು? ನಿಮ್ಹಾನ್ಸಿನ ಜಿ. ಗುರುರಾಜ್ ಬೆಂಗಳೂರಿನ ಲೆಕ್ಕಗಳನ್ನು ವರ್ಷಗಟ್ಟಲೆ ಕಲೆಹಾಕಿ 2002ರಲ್ಲಿ ಭಾರತದ ಚಿತ್ರ ಬರೆದರು. ವರ್ಷಕ್ಕೆ ಲಕ್ಷದಲ್ಲಿ ಸುಮಾರು 150 ಮಂದಿಗೆ ತಲೆಪೆಟ್ಟು, ಅದರಲ್ಲಿ ನೂರಕ್ಕೆ ಸುಮಾರು 60 ಪಾಲು ರಸ್ತೆಯಿಂದ, 20ರಿಂದ 25 ಪಾಲು ಬೀಳುವುದರಿಂದ, 10 ಪಾಲು ಹೊಡೆದಾಟದಿಂದ. ಪೆಟ್ಟಿನ ನಂತರದ ಮನಸ್ಸಿನ ಲೆಕ್ಕ ಹೊರದೇಶದ್ದು: ಆಸ್ಪತ್ರೆ ಸೇರಿದ್ದ 559 ಮಂದಿಯನ್ನು ಅಮೆರಿಕದ ಸಿಯಾಟಲ್‌ನಲ್ಲಿ ಹಿಂಬಾಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ವರ್ಷದೊಳಗೇ ನೂರಕ್ಕೆ 53 ಜನ ತೀವ್ರ ಖಿನ್ನತೆಗೆ ಬಿದ್ದಿದ್ದರು. ಅರ್ಧಕ್ಕಿಂತ ಹೆಚ್ಚು. ನಮ್ಮ ಕಡೆ ಅವನನ್ನು "ಸೋಮಾರಿ ಆಗ್ಯಾನ", "ಕುಡದು ಕೆಟ್ಟ", "ಗಾಳಿ ಬಡದದ" ಎನ್ನುತ್ತಾರೆ, ಗುರುವಾರ ಅಕ್ಕಲಕೋಟ ಸ್ವಾಮಿಗಳ ಗುಡಿಗೆ ಕರೆದುಕೊಂಡು ಹೋಗುತ್ತಾರೆ. ಹೋಗಲಿ, ತಪ್ಪೇನಿಲ್ಲ. ಖಿನ್ನತೆಗೆ ಮಾತ್ರೆ ಇದೆ, ಸಿಟ್ಟಿಗೆ ಇದೆ ಎಂದು ಗುಡಿಯ ದಾರಿಯಲ್ಲಿ ಯಾರಾದರೂ ಹೇಳಿದರೆ ಸಾಕು.

ಹೆಲ್ಮೆಟ್ಟಿನ ಕಥೆಯೂ ಕುಂಟುತ್ತಲೇ ಬಂತು. 1988ರ ಮೋಟಾರು ವಾಹನ ಕಾಯ್ದೆಯ 129ನೆಯ ಕಲಂ ಅದನ್ನು ಹೇಳಿಯೇ ಇತ್ತು. ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಎಂಬ ಆದೇಶ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ವಾಗದರಿಯವನ ಹತ್ತಿರವೂ ಹೆಲ್ಮೆಟ್ ಇತ್ತು. ಬಿದ್ದ ದಿನ ಅದು ಗಾಡಿಯ ಹ್ಯಾಂಡಲ್ಲಿಗೆ ನೇತಾಡುತ್ತಿತ್ತು, ಒಳಗೆ ಮಗನಿಗೆ ಕೊಂಡ ಬಾಳೆಹಣ್ಣು.

ಅವನ ಹೆಂಡತಿಗೆ ಯಾರೋ ಅಂಗವಿಕಲರ ಪ್ರಮಾಣಪತ್ರ ಮಾಡಿಸು, ಪಗಾರ ಬರುತ್ತದೆ ಎಂದರು. ಪಿಂಚಣಿಗೂ ನಮ್ಮ ಕಡೆ ಪಗಾರ ಅಂತಲೇ ಹೆಸರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಏಳಿದ್ದ ಪಟ್ಟಿಯನ್ನು 21ಕ್ಕೆ ಏರಿಸಿತು. ಪಾರ್ಕಿನ್ಸನ್ ಇದೆ, ಹಿಮೊಫಿಲಿಯಾ ಇದೆ, ಆಸಿಡ್ ದಾಳಿಗೆ ಸಿಕ್ಕವರಿದ್ದಾರೆ. ತಲೆಪೆಟ್ಟು ಎಂಬ ಹೆಸರಿನ ಕಲಂ ಇಲ್ಲ. ಕೈಕಾಲು ಹೋಗಿದ್ದರೆ ಒಂದು ಕಲಂ, ಮನೋರೋಗ ಎಂದು ಬರೆಸಿದರೆ ಇನ್ನೊಂದು. ಪ್ರಮಾಣಪತ್ರ ಮಾಡಿಸಲು ನಾನೂ ಜೊತೆಗೆ ಹೋಗಿದ್ದೆ. ಮೇಜಿನ ಆಚೆಗಿದ್ದವರು ಕೆಟ್ಟವರೇನಲ್ಲ. ಅವನನ್ನು ನಿಲ್ಲಿಸಿದರು, ನಡೆಸಿದರು, ಕೈ ಹಿಡಿದು ಒತ್ತಿಸಿದರು. "ಕೈಕಾಲು ಛಲೋ ಅದಾವಲ್ಲ ತಾಯಿ, ಯಾವ ಕಲಂನಾಗ ಹಾಕಲಿ?" ಎಂದರು. ಮನೋರೋಗ ಎಂದು ಬರೆಯಲೇ ಎಂದು ಕೇಳಿದಾಗ ಅವಳು ಗಂಡನ ಮುಖ ನೋಡಿದಳು, ಆಮೇಲೆ ನನ್ನ ಮುಖ. ಊರಿನ ಕಟ್ಟೆಯ ಧಾರವಾಡ, ಯೆರವಡಾ ಅವಳ ಕಿವಿಯಲ್ಲಿ ಇದ್ದಿರಬೇಕು. "ಮುಂದಿನ ವಾರ ಬರ್ತೀವ್ರಿ" ಅಂದಳು.

ಹೊರಗೆ ಬೇವಿನ ಮರದ ಕೆಳಗೆ ಅವನು ಸ್ಕ್ಯಾನಿನ ದೊಡ್ಡ ಚೀಲವನ್ನು ಎದೆಗೆ ಅವುಚಿಕೊಂಡು ಕೂತಿದ್ದ. ವಾಗದರಿ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ. ನಾಲ್ಕೂವರೆಗೆ ಅಂದೆ. ತಲೆಯಾಡಿಸಿದ. ಚಹಾ ಬಂತು, ಕುಡಿದೆವು. ಲೋಟ ಕೆಳಗಿಟ್ಟು ಮತ್ತೆ ಕೇಳಿದ, "ಬಸ್ಸು ಎಷ್ಟಕ್ಕ ಅದ, ಅಣ್ಣಾ?" ಅವಳು ಸೆರಗಿನ ತುದಿಯಿಂದ ಅವನ ಮೀಸೆಗೆ ಹತ್ತಿದ ಚಹಾ ಒರೆಸಿ, "ನಾಲ್ಕೂವರಿಗಿ" ಅಂದಳು.